ಆರು ವೋಲ್ಟಿನ ಜಾವಾ ಹನ್ನೆರಡಕ್ಕೆ ಏರಿದ ಕಥೆ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ರಸ್ತೆಗಳಿಗೆ ರಾತ್ರಿಯೂ ಬಿಡುವಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಗಳ ಕಡೆ ಸಾಲುಗಟ್ಟಿ ಸಾಗುತ್ತವೆ. ಹಿಂದೆ ದೀಪವಿಲ್ಲದ, ಹೊಳೆಯುವ ಕೆಂಪು ಪಟ್ಟಿಯೂ ಇಲ್ಲದ ಟ್ರೇಲರು ದಾರಿಯ ಬದಿಗೆ ನಿಂತಿರುವುದೂ ಉಂಟು. ಇಂಥ ರಸ್ತೆಯಲ್ಲಿ ಹಳೆಯ ಜಾವಾ ಮೋಟಾರ್ ಸೈಕಲ್ ಓಡಿಸುವವರಿಗೆ ಮುಂದಿನ ದೀಪದ ಬೆಳಕು ಎಷ್ಟು ದೂರ ಬೀಳುತ್ತದೆ ಎಂಬುದು ಹವ್ಯಾಸದ ಮಾತಲ್ಲ, ಜೀವದ ಮಾತು.

ಜಾವಾದ ಎಂಜಿನ್ ಗಟ್ಟಿ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಅದರ ದೀಪದ ಬಗ್ಗೆ ಒಳ್ಳೆಯ ಮಾತಾಡುವವರು ಕಡಿಮೆ. ದೋಷ ದೀಪದ್ದಲ್ಲ, ದೀಪಕ್ಕೆ ವಿದ್ಯುತ್ ಉಣಿಸುವ ವ್ಯವಸ್ಥೆಯದು. ಅದನ್ನು ಬದಲಾಯಿಸಬೇಕೆ, ಇದ್ದಂತೆಯೇ ಉಳಿಸಿಕೊಳ್ಳಬೇಕೆ ಎಂಬ ಚರ್ಚೆ ಹಳೆಯ ಗಾಡಿಗಳ ಅಭಿಮಾನಿಗಳಲ್ಲಿ ಇಂದಿಗೂ ಮುಗಿದಿಲ್ಲ. ಉತ್ತರ ಹುಡುಕಲು ಆ ಗಾಡಿಯ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕಾಗುತ್ತದೆ.

ಮೈಸೂರಿನಿಂದ ಬಂದ ಗಾಡಿ

ಜಾವಾ ಹುಟ್ಟಿದ್ದು ಆಗಿನ ಜೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಸ್ಥಾಪಕ ಯಾನೆಚೆಕ್ ಅವರ ಹೆಸರಿನ ಮೊದಲ ಅಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಹೆಸರಿನ ಮೊದಲ ಅಕ್ಷರಗಳನ್ನೂ ಕೂಡಿಸಿ ಈ ಹೆಸರು ಕಟ್ಟಲಾಯಿತು. ಭಾರತದಲ್ಲಿ ಇದನ್ನು ತಯಾರಿಸಲು ಮುಂದಾದವರು ಮುಂಬಯಿಯ ಪಾರ್ಸಿ ಉದ್ಯಮಿಗಳಾದ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. ಅವರ 'ಐಡಿಯಲ್ ಜಾವಾ' ಕಂಪನಿ 1960ರಲ್ಲಿ ಸ್ಥಾಪನೆಯಾಯಿತು. ಮೈಸೂರಿನ ಯಾದವಗಿರಿಯ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬರತೊಡಗಿದವು.

ಆ ಹೊತ್ತಿಗೆ ಜಮಖಂಡಿ ಮೈಸೂರು ರಾಜ್ಯಕ್ಕೆ ಸೇರಿ ಐದೇ ವರ್ಷವಾಗಿತ್ತು. ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಈ ಊರು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರ ಭಾಷಾವಾರು ವಿಂಗಡಣೆಯಲ್ಲಿ ಅಂದಿನ ವಿಜಾಪುರ ಜಿಲ್ಲೆಯ ಭಾಗವಾಗಿ ಕನ್ನಡದ ರಾಜ್ಯಕ್ಕೆ ಬಂದಿತ್ತು. ಹೀಗೆ ಜಾವಾ ಎಂಬುದು ಆ ತಲೆಮಾರಿಗೆ 'ನಮ್ಮ ರಾಜ್ಯದ' ಗಾಡಿಯೂ ಆಯಿತು.

1970ರ ದಶಕದಲ್ಲಿ ಜಾವಾ ಹೆಸರು ಬಿಟ್ಟು 'ಯೆಜ್ಡಿ' ಎಂಬ ಹೆಸರು ಬಂತು. ಇರಾನಿನ ಯಜ್ದ್ ಪಟ್ಟಣ ಈ ಹೆಸರಿನ ಮೂಲ. 1978ರಲ್ಲಿ ಬಂದ ರೋಡ್‌ಕಿಂಗ್ ಬಹು ಜನಪ್ರಿಯವಾಯಿತು. 1980ರ ದಶಕದಲ್ಲಿ ಜಪಾನಿ ತಂತ್ರಜ್ಞಾನದ, ಕಡಿಮೆ ಪೆಟ್ರೋಲು ಕುಡಿಯುವ 100 ಸಿಸಿ ಗಾಡಿಗಳು ಬಂದ ಮೇಲೆ ಯೆಜ್ಡಿಗೆ ಬೇಡಿಕೆ ಕುಸಿಯಿತು. 1996ರಲ್ಲಿ ಕಾರ್ಖಾನೆಯೇ ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ಬಿಡಿಭಾಗಕ್ಕೆ ಕಂಪನಿಯನ್ನು ಕೇಳುವಂತಿರಲಿಲ್ಲ. ಗಾಡಿಯನ್ನು ಬದುಕಿಸುವ ಹೊಣೆ ಮಾಲೀಕರ, ಮೆಕ್ಯಾನಿಕ್‌ಗಳ ಹೆಗಲಿಗೆ ಬಿತ್ತು.

ಒಂದೇ ಬಾವಿ, ಹಲವು ಕೊಡ

ಹಳೆಯ ಜಾವಾದಲ್ಲಿ ವಿದ್ಯುತ್ ತಯಾರಿಸುವುದು ಡೈನಮೋ. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಗೇ ಅದರ ಆರ್ಮೇಚರ್ ಕೂತಿರುತ್ತದೆ. ಎಂಜಿನ್ ತಿರುಗಿದಂತೆ ಆರ್ಮೇಚರ್ ತಿರುಗುತ್ತದೆ. ಅದರ ತಾಮ್ರದ ಕಮ್ಯುಟೇಟರ್ ಮೇಲೆ ಉಜ್ಜುವ ಕಾರ್ಬನ್ ತುಂಡುಗಳು ವಿದ್ಯುತ್ತನ್ನು ಹೊರಕ್ಕೆ ತರುತ್ತವೆ. ಇದರ ಸಾಮರ್ಥ್ಯ 6 ವೋಲ್ಟ್, 45 ವಾಟ್. ಮನೆಯಲ್ಲಿ ಉರಿಯುತ್ತಿದ್ದ ಹಳೆಯ ಮಾದರಿಯ ಎಷ್ಟೋ ಬಲ್ಬುಗಳಲ್ಲಿ ಒಂದಕ್ಕೂ ಇಷ್ಟು ಸಾಲದು.

ಇಷ್ಟರಲ್ಲೇ ಮುಂದಿನ ದೀಪ, ಹಿಂದಿನ ದೀಪ, ಬ್ರೇಕ್ ದೀಪ, ಹಾರ್ನು ಎಲ್ಲವೂ ನಡೆಯಬೇಕು. ಇವಕ್ಕಿಂತ ಮುಖ್ಯವಾಗಿ, ಎಂಜಿನ್ನಿನಲ್ಲಿ ಪೆಟ್ರೋಲು ಹೊತ್ತಿಸುವ ಕಿಡಿಯೂ ಇದೇ ಬ್ಯಾಟರಿಯಿಂದ ಬರಬೇಕು. ಒಂದೇ ಬಾವಿಗೆ ಹಲವು ಕೊಡ ಇಳಿಬಿಟ್ಟಂತೆ. ಊರೊಳಗೆ ನಿಧಾನವಾಗಿ ಓಡಿಸುವಾಗ ಡೈನಮೋ ಸಾಕಷ್ಟು ವೇಗ ಪಡೆಯದೆ ಬಾವಿಗೆ ನೀರೇ ಬರುವುದಿಲ್ಲ; ಕೆಂಪು ಚಾರ್ಜಿಂಗ್ ದೀಪ ಉರಿಯುತ್ತಲೇ ಇರುತ್ತದೆ. ಬ್ಯಾಟರಿ ಬತ್ತಿದರೆ ಮೊದಲು ದೀಪ ಮಂಕಾಗುತ್ತದೆ, ಆಮೇಲೆ ಗಾಡಿಯೇ ನಿಲ್ಲುತ್ತದೆ.

ಡೈನಮೋ ಮತ್ತು ಬ್ಯಾಟರಿಯ ನಡುವೆ ಕಾವಲುಗಾರನಂತೆ ಇರುವುದು ರೆಗ್ಯುಲೇಟರ್. ಮೆಕ್ಯಾನಿಕ್‌ಗಳು 'ಕಟ್‌ಔಟ್' ಎಂದು ಕರೆಯುವ ಪೆಟ್ಟಿಗೆ ಇದೇ. ಡೈನಮೋ ನಿಂತಾಗ ಬ್ಯಾಟರಿಯ ವಿದ್ಯುತ್ ಹಿಂದಕ್ಕೆ ಹರಿಯದಂತೆ ತಡೆಯುವುದು, ಓಟ ಜೋರಾದಾಗ ವೋಲ್ಟೇಜ್ ಮಿತಿ ಮೀರದಂತೆ ನೋಡುವುದು ಇದರ ಕೆಲಸ. ಒಳಗಿನ ಚಿಕ್ಕ ಪಾಯಿಂಟುಗಳು ಕ್ಷಣಕ್ಷಣಕ್ಕೂ ಕೂಡಿ ಬಿಡುತ್ತವೆ. ಧೂಳು, ತೇವ, ಗಾಡಿಯ ಅದುರಿಕೆ ಮೂರೂ ಅವಕ್ಕೆ ವೈರಿಗಳು.

ಆರಕ್ಕೂ ಹನ್ನೆರಡಕ್ಕೂ ಏನು ಅಂತರ?

ವೋಲ್ಟ್ ಹೆಚ್ಚಿದರೆ ಬೆಳಕು ಹೆಚ್ಚುತ್ತದೆ ಎಂಬುದು ಸಾಮಾನ್ಯ ನಂಬಿಕೆ. ನಿಜವಾದ ಲೆಕ್ಕ ಬೇರೆ. 30 ವಾಟಿನ ಬಲ್ಬು 6 ವೋಲ್ಟಿನಲ್ಲಿ ಉರಿಯಲು 5 ಆಂಪಿಯರ್ ಬೇಕು. 12 ವೋಲ್ಟಿನಲ್ಲಿ ಎರಡೂವರೆ ಸಾಕು. ಹಳೆಯ ಗಾಡಿಯ ತಂತಿಯಲ್ಲಿ, ತುಕ್ಕು ಹಿಡಿದ ಸಂದುಗಳಲ್ಲಿ ಸ್ವಲ್ಪವಾದರೂ ಅಡ್ಡಿ ಇದ್ದೇ ಇರುತ್ತದೆ. ಆ ಅಡ್ಡಿ ಒಂದು ಓಮಿನ ಐದನೇ ಒಂದು ಪಾಲು ಎಂದುಕೊಂಡರೆ, 5 ಆಂಪಿಯರ್ ಹರಿಯುವಾಗ 1 ವೋಲ್ಟ್ ದಾರಿಯಲ್ಲೇ ಸೋರುತ್ತದೆ. ಆರರಲ್ಲಿ ಒಂದು ಹೋದರೆ ಬಲ್ಬಿಗೆ ತಲುಪುವುದು ಐದೇ. ತಂತಿ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುವುದರಿಂದ, ಈ ಸೋರಿಕೆಗೆ ಹೆಚ್ಚುಕಡಿಮೆ ಅರ್ಧ ಬೆಳಕೇ ಬಲಿ. ಅದೇ ತಂತಿ, ಅದೇ ತುಕ್ಕು 12 ವೋಲ್ಟಿನಲ್ಲಿ ಅರ್ಧ ವೋಲ್ಟನ್ನು ಮಾತ್ರ ನುಂಗುತ್ತದೆ; ಅಂದರೆ ಇಪ್ಪತ್ನಾಲ್ಕರಲ್ಲಿ ಒಂದು ಪಾಲು.

ಈ ಕಾರಣದಿಂದಲೇ ಜಗತ್ತಿನ ಕಾರುಗಳು 1950ರ ದಶಕದಲ್ಲಿ ಆರರಿಂದ ಹನ್ನೆರಡಕ್ಕೆ ಸಾಗಿದವು. ಡೈನಮೋದ ಜಾಗಕ್ಕೆ ಅಲ್ಟರ್ನೇಟರ್ ಬರಲು ಮಾತ್ರ ಸಿಲಿಕಾನ್ ಡಯೋಡ್ ಅಗ್ಗವಾಗುವ ತನಕ ಕಾಯಬೇಕಾಯಿತು. ಅಲ್ಟರ್ನೇಟರ್ ಕೊಡುವುದು ದಿಕ್ಕು ಬದಲಿಸುವ ವಿದ್ಯುತ್. ಅದನ್ನು ಬ್ಯಾಟರಿಗೆ ಒಗ್ಗುವ ಒಂದೇ ದಿಕ್ಕಿನ ವಿದ್ಯುತ್ತಾಗಿಸುವುದು ಡಯೋಡ್. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವ್ಯಾಲಿಯಂಟ್ ಕಾರಿಗೆ ಅಲ್ಟರ್ನೇಟರ್ ಜೋಡಿಸಿತ್ತು. ಮೈಸೂರಿನಲ್ಲಿ ಮೊದಲ ಜಾವಾ ತಯಾರಾಗುವ ಹೊತ್ತಿಗೇ ಡೈನಮೋ ಹಳೆಯ ವಿದ್ಯೆಯಾಗತೊಡಗಿತ್ತು.

ಬದಲಾವಣೆಯ ದಾರಿಗಳು

ಹಳೆಯ ಗಾಡಿಯ ಚಾರ್ಜಿಂಗ್ ಸುಧಾರಿಸಲು ಮೂರು ದಾರಿಗಳು ರೂಢಿಯಲ್ಲಿವೆ. ಮೊದಲನೆಯದು ಇದ್ದುದನ್ನೇ ರಿಪೇರಿ ಮಾಡುವುದು: ಕಮ್ಯುಟೇಟರ್ ಸ್ವಚ್ಛಗೊಳಿಸಿ, ಕಾರ್ಬನ್ ಬದಲಿಸಿ, ಸುಟ್ಟ ಸುರುಳಿಯನ್ನು ಮತ್ತೆ ಸುತ್ತಿಸುವುದು. ನೀರಾವರಿ ಪಂಪ್‌ಸೆಟ್ಟುಗಳ, ವಿದ್ಯುತ್ ಮಗ್ಗಗಳ ಸೀಮೆಯಾದ ರಬಕವಿ-ಬನಹಟ್ಟಿ, ಜಮಖಂಡಿಗಳಿಗೆ ಮೋಟರು ರಿವೈಂಡಿಂಗ್ ಹೊಸ ವಿದ್ಯೆಯಲ್ಲ. ಡೈನಮೋದ ಸುರುಳಿಯೂ ಅದೇ ತಾಮ್ರದ ತಂತಿ, ಅದೇ ಕೈಚಳಕ ಬೇಡುತ್ತದೆ.

ಎರಡನೆಯದು, ಡೈನಮೋ ಉಳಿಸಿಕೊಂಡು ಹಳೆಯ ಕಟ್‌ಔಟ್ ಜಾಗದಲ್ಲಿ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕುವುದು. ಬಡಿದುಕೊಳ್ಳುವ ಪಾಯಿಂಟುಗಳಿಲ್ಲದ ಕಾರಣ ಇದು ಅದುರಿಕೆಗೆ ಅಂಜುವುದಿಲ್ಲ. ಕೆಲವರು ಇದೇ ಹಂತದಲ್ಲಿ ಡೈನಮೋವನ್ನು 12 ವೋಲ್ಟಿಗೆ ಏರಿಸುವುದುಂಟು. ಆದರೆ ಆಗ ಚಾರ್ಜಿಂಗ್ ಶುರುವಾಗಲು ಎಂಜಿನ್ ಇನ್ನಷ್ಟು ವೇಗವಾಗಿ ತಿರುಗಬೇಕಾಗುತ್ತದೆ.

ಮೂರನೆಯದು, ಡೈನಮೋವನ್ನೇ ಕಳಚಿ ಅಲ್ಟರ್ನೇಟರ್ ಕೂರಿಸುವುದು. ಇದರಲ್ಲಿ ತಿರುಗುವುದು ಅಯಸ್ಕಾಂತ, ಸುರುಳಿ ಅಲುಗದೆ ನಿಂತಿರುತ್ತದೆ. ಉಜ್ಜಿ ಸವೆಯುವ ಕಾರ್ಬನ್ ಇಲ್ಲ. ಜೆಕ್ ದೇಶದ ವೇಪ್ ಸಂಸ್ಥೆ ಹಳೆಯ ಜಾವಾಗಳಿಗೆಂದೇ ಇಂಥ 12 ವೋಲ್ಟಿನ ಜೋಡಣೆಯನ್ನು ಎಲೆಕ್ಟ್ರಾನಿಕ್ ಇಗ್ನಿಷನ್ ಸಮೇತ ತಯಾರಿಸುತ್ತದೆ. ಹೀಗೆ ಮಾಡಿದಾಗ ಬ್ಯಾಟರಿ, ಎಲ್ಲ ಬಲ್ಬುಗಳು, ಹಾರ್ನು, ಕಾಯಿಲ್ ಸಹ 12 ವೋಲ್ಟಿನವೇ ಆಗಬೇಕು. ಒಂದನ್ನು ಮರೆತರೂ ಅದು ಸುಡುವುದು ಖಂಡಿತ. ಯಾವ ದಾರಿ ಹಿಡಿದರೂ ಮೊದಲು ತಂತಿ, ಅರ್ಥಿಂಗ್ ಸಂದುಗಳನ್ನು ಉಜ್ಜಿ ಸರಿಪಡಿಸುವುದು ಜಾಣತನ. ಎಷ್ಟೋ ಸಲ ಮಂಕು ದೀಪದ ಮದ್ದು ಅಲ್ಲೇ ಇರುತ್ತದೆ.

ಅಸಲಿ ಎಂದರೆ ಯಾವುದು?

ಇಷ್ಟೆಲ್ಲ ಬದಲಿಸಿದ ಮೇಲೆ ಅದು ಅಸಲಿ ಜಾವಾ ಆಗಿ ಉಳಿಯುತ್ತದೆಯೆ? ಪ್ರಶ್ನೆ ಸಣ್ಣದಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, 50 ವರ್ಷ ಮೀರಿದ, ಮೂಲ ರೂಪದಲ್ಲಿರುವ, ಚಾಸಿಸ್, ಹೊರಮೈ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಾಗದ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ ಮುಂತಾದವಕ್ಕೆ ಬಳಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ಮೊದಮೊದಲ ಮೈಸೂರು ಜಾವಾಗಳಿಗೆ ಆ ವಯಸ್ಸು ಆಗಲೇ ತುಂಬಿದೆ. ಪ್ರದರ್ಶನದ ಗಾಡಿಗೆ ಮೂಲ ಡೈನಮೋ ಒಂದು ಐತಿಹಾಸಿಕ ಸಾಕ್ಷಿ. ಅದನ್ನು ಕಳಚಿ ಗುಜರಿಗೆ ಹಾಕಿದರೆ ಆ ಕಾಲದ ಎಂಜಿನಿಯರಿಂಗ್‌ನ ಒಂದು ಪುಟ ಹರಿದಂತೆಯೇ ಸರಿ.

ಇನ್ನೊಂದು ಮಗ್ಗುಲೂ ಇದೆ. ಐಡಿಯಲ್ ಜಾವಾ ಕಂಪನಿ ಕೂಡ ಆರು ವೋಲ್ಟಿಗೆ ಅಂಟಿಕೊಂಡು ಕೂರಲಿಲ್ಲ. ಕೊನೆಯ ವರ್ಷಗಳ ರೋಡ್‌ಕಿಂಗ್‌ಗೆ ಅದು 12 ವೋಲ್ಟಿನ ಅಲ್ಟರ್ನೇಟರನ್ನೂ ಸಿಡಿಐ ಇಗ್ನಿಷನ್ನನ್ನೂ ಅಳವಡಿಸಿತ್ತು. ಇಂದು ಮೆಕ್ಯಾನಿಕ್ ಮಾಡುತ್ತಿರುವುದು ಆ ಕಾರ್ಖಾನೆ ಹಿಡಿದಿದ್ದ ದಾರಿಯ ಮುಂದುವರಿಕೆಯೇ.

ಆದ್ದರಿಂದ ಅನುಭವಿಗಳು ಒಪ್ಪುವ ನಡುದಾರಿ ಸರಳವಾದುದು. ಚಾಸಿಸ್ ಕೊರೆಯದೆ, ಎಂಜಿನ್ ಕೆತ್ತದೆ, ಬೇಕೆಂದಾಗ ಹಿಂದಿನ ಸ್ಥಿತಿಗೆ ತರಲು ಸಾಧ್ಯವಾಗುವಂತೆ ಬದಲಿಸಬೇಕು. ಕಳಚಿದ ಡೈನಮೋ, ಕಟ್‌ಔಟ್, ಆರು ವೋಲ್ಟಿನ ಕಾಯಿಲ್ ಇವನ್ನು ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಗಾಡಿಯ ಜೊತೆಗೇ ಇಡಬೇಕು. ಗಾಡಿ ಮುಂದಿನ ತಲೆಮಾರಿಗೆ ಹೋಗುವಾಗ ಆ ಗಂಟೂ ಹೋಗಲಿ. ಮತ್ತೆ ಜೋಡಿಸುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಸದ್ಯಕ್ಕೆ ಕಬ್ಬಿನ ಹಂಗಾಮಿನ ರಾತ್ರಿಯಲ್ಲಿ, ಮುಂದೆ ನಿಂತ ಟ್ರೇಲರು ಸಮಯಕ್ಕೆ ಸರಿಯಾಗಿ ಕಾಣಬೇಕಾದದ್ದು ಮುಖ್ಯ.