ಎಸ್‌ಡಿಎಂಸಿ ಮತ್ತು ಪೋಷಕರ ವಾಟ್ಸ್‌ಆ್ಯಪ್ ಗುಂಪು

ಎಸ್‌ಡಿಎಂಸಿ ಎಂದರೆ ಸರ್ಕಾರಿ ಶಾಲೆಯ ಆಡಳಿತದಲ್ಲಿ ಪೋಷಕರಿಗೆ ಪಾಲು ಕೊಡುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ಇದು ಕರ್ನಾಟಕದಲ್ಲಿ 2001ರಲ್ಲಿ ಜಾರಿಗೆ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು.

ಕಾಗದದ ಮೇಲೇನೋ ಸರಿ.

ಅರಸೀಕೆರೆ ಕಡೆಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಶಾಲೆಯ ನೋಟಿಸು ಕನ್ನಡ. ಬೇಲೂರು, ಹಳೇಬೀಡು ಸೀಮೆಯಲ್ಲಿ ಕೂಲಿ ಬಿಟ್ಟು ಸಭೆಗೆ ಬಂದರೆ ಆ ದಿನದ ದುಡ್ಡು ಹೋದಂತೆಯೇ. ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೇಷ್ಟ್ರು ಹಾಕುವ ಧ್ವನಿ ಸಂದೇಶ ಓದಲು ಬಾರದ ತಾಯಿಗೆ ಒದಗುವುದು ಇಲ್ಲೇ. ಆದರೆ ಫೋನು ಎಲ್ಲರ ಕೈಯಲ್ಲಿಲ್ಲ: ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ 2020ರ ಆಗಸ್ಟ್‌ನಲ್ಲಿ ಸರ್ಕಾರ ತಂದ ‘ವಿದ್ಯಾಗಮ’ ಕಲಿಕಾ ಕಾರ್ಯಕ್ರಮ ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನಿನವರು, ಫೋನೇ ಇಲ್ಲದವರು ಎಂದು ವಿಂಗಡಿಸಬೇಕಾಯಿತು. ಫೋನಿಲ್ಲದವರಿಗೆ ದೇವಸ್ಥಾನದ ಜಗುಲಿಯಂಥ ಕಡೆ ಪಾಠ ನಡೆಯಿತು.