ಬಿಸಿಲ ನಾಡಿಗೆ ಬ್ರಿಜ್ ಕ್ಯಾಮೆರಾ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ರಾಯಚೂರು: ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಈ ಜಿಲ್ಲೆಯಲ್ಲಿ ಛಾಯಾಗ್ರಹಣಕ್ಕೆ ವಸ್ತುವಿನ ಕೊರತೆಯಿಲ್ಲ. ನಗರದ ನಡುವೆಯೇ ಬೆಟ್ಟ ಹಾಗೂ ಕೋಟೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿ ಭಾಗದ ಭತ್ತದ ಗದ್ದೆಗಳಲ್ಲಿ ಬೆಳ್ಳಕ್ಕಿಗಳ ಹಿಂಡು. ದೇವದುರ್ಗದ ರಸ್ತೆ ಬದಿಯ ತಂತಿಗಳ ಮೇಲೆ ರಾಜ್ಯಪಕ್ಷಿ ನೀಲಕಂಠ. ಇವನ್ನೆಲ್ಲ ಸೆರೆಹಿಡಿಯಬಯಸುವ ಹವ್ಯಾಸಿಗೆ ಎದುರಾಗುವ ಮೊದಲ ತೊಡಕು ಹಣದ್ದು. ಎಸ್ಎಲ್ಆರ್ ಕ್ಯಾಮೆರಾ ಕೊಂಡರೂ ದೂರದ ಹಕ್ಕಿಗೆ ಬೇಕಾದ ಉದ್ದನೆಯ ಲೆನ್ಸ್‌ಗೆ ಕ್ಯಾಮೆರಾಕ್ಕಿಂತ ಹೆಚ್ಚು ಹಣ ತೆರಬೇಕಾಗುತ್ತದೆ. ಮೊಬೈಲ್ ಫೋನು ಹತ್ತಿರದ ದೃಶ್ಯವನ್ನು ಚೆನ್ನಾಗಿ ತೆಗೆಯುತ್ತದೆಯೇ ಹೊರತು ಗದ್ದೆಯ ಆಚೆ ಬದುವಿನ ಮಿಂಚುಳ್ಳಿಯನ್ನಲ್ಲ.

ಈ ಎರಡರ ನಡುವಿನ ಸೇತುವೆಯೇ ಬ್ರಿಜ್ ಕ್ಯಾಮೆರಾ. ನೋಟಕ್ಕೂ ಹಿಡಿತಕ್ಕೂ ಎಸ್ಎಲ್ಆರ್‌ನಂತಿದ್ದರೂ ಇದರ ಲೆನ್ಸ್ ಕಳಚಲು ಬಾರದು. ಅಗಲ ನೋಟದಿಂದ ಅತಿ ದೂರದವರೆಗೆ ಎಲ್ಲವೂ ಆ ಒಂದೇ ಲೆನ್ಸ್‌ನ ಹೊಣೆ. ಹತ್ತಿ ಮತ್ತು ಅಕ್ಕಿ ಗಿರಣಿಗಳ ಊರಿನಲ್ಲಿ ಇದೊಂದು ಅನುಕೂಲವೂ ಹೌದು. ಲೆನ್ಸ್ ಬದಲಿಸುವಾಗ ಒಳಗಿನ ಸೆನ್ಸರ್ ಮೇಲೆ ದೂಳು ಕೂರುವ ಪ್ರಮೇಯವಿಲ್ಲ. ಆದರೆ ಜೂಮ್ ಕೊಳವೆ ಹೊರಚಾಚಿ ಒಳಸರಿಯುವಾಗ ಗಾಳಿಯೊಡನೆ ಸಣ್ಣ ದೂಳನ್ನೂ ಎಳೆದುಕೊಳ್ಳುತ್ತದೆ. ಹೀಗೆ ಸೇರಿದ ದೂಳನ್ನು ಕ್ಯಾಮೆರಾ ಬಿಚ್ಚದೆ ತೆಗೆಯಲಾಗದು.

ಅಂಗಡಿಯಲ್ಲಿ ಮೊದಲು ತೋರಿಸುವುದು ಜೂಮ್‌ನ ಅಂಕಿಯನ್ನು. ಈ ಅಂಕಿ ದೂರವನ್ನು ಹೇಳುವುದಿಲ್ಲ, ಲೆನ್ಸ್‌ನ ಎರಡು ತುದಿಗಳ ಅನುಪಾತವನ್ನಷ್ಟೇ ಹೇಳುತ್ತದೆ. 20 ಮಿ.ಮೀ.ನಿಂದ ಆರಂಭವಾಗುವ 60 ಪಟ್ಟು ಜೂಮ್ ಮುಟ್ಟುವುದು 1200 ಮಿ.ಮೀ.; 24ರಿಂದ ಆರಂಭವಾಗುವ 50 ಪಟ್ಟು ಜೂಮ್ ಮುಟ್ಟುವುದೂ ಅಷ್ಟೇ. ಆದ್ದರಿಂದ ಪಟ್ಟುಗಳನ್ನು ಬದಿಗಿಟ್ಟು ಮಿ.ಮೀ. ಲೆಕ್ಕವನ್ನು ಕೇಳಬೇಕು. ‘ಡಿಜಿಟಲ್ ಜೂಮ್’ ಎಂಬುದು ತೆಗೆದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಕ್ರಿಯೆ. ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ.

ಜೂಮ್ ಪೈಪೋಟಿಯ ಪ್ರಸಿದ್ಧ ಉದಾಹರಣೆ 2015ರಲ್ಲಿ ಬಂದ ನಿಕಾನ್ ಪಿ900. 24ರಿಂದ 2000 ಮಿ.ಮೀ.ವರೆಗೆ ಸಾಗುವ ಈ ಕ್ಯಾಮೆರಾ ಚಂದ್ರನ ಕುಳಿಗಳನ್ನು ಕೈಯಳತೆಗೆ ತಂದು ಹೆಸರಾಯಿತು. 2018ರ ಪಿ1000 ಮಾದರಿ 3000 ಮಿ.ಮೀ. ಮುಟ್ಟಿತು, ತೂಕವೂ 1.4 ಕಿಲೋ ಮುಟ್ಟಿತು. ಚಂದ್ರನಿಗೆ ಇದು ಸರಿ. ನೆಲದ ಮೇಲಿನ ದೃಶ್ಯಕ್ಕೆ, ಅದರಲ್ಲೂ ರಾಯಚೂರಿನ ಬಿಸಿಲಿಗೆ, ಲೆಕ್ಕವೇ ಬೇರೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಈ ನೆಲದಲ್ಲಿ ಬಿಸಿಲೇರುತ್ತಿದ್ದಂತೆ ಕಾದ ಗಾಳಿ ನಡುಗತೊಡಗುತ್ತದೆ. ಡಾಂಬರು ರಸ್ತೆಯ ಮೇಲೆ ಕಾಣುವ ಅದೇ ಅಲೆಯಾಟ ದೂರದ ಹಕ್ಕಿಯ ಗರಿಗಳನ್ನೂ ಕಲಸಿಬಿಡುತ್ತದೆ. ಎಂತಹ ದುಬಾರಿ ಲೆನ್ಸ್ ಕೂಡ ಇದನ್ನು ತಿದ್ದಲಾರದು. ಹತ್ತಿರ ಹೋಗುವುದು ಅಥವಾ ಬೆಳಗಿನ ಹೊತ್ತನ್ನು ಹಿಡಿಯುವುದು, ಇವೆರಡೇ ದಾರಿ.

ಬೆಳಗಿನ ಹೊತ್ತು ಎಂದೊಡನೆ ಬೆಳಕಿನ ಪ್ರಶ್ನೆ ಏಳುತ್ತದೆ. ಪಿ900ರ ಲೆನ್ಸ್ ಅಗಲ ನೋಟದಲ್ಲಿ ಎಫ್/2.8, ದೂರದ ತುದಿಯಲ್ಲಿ ಎಫ್/6.5. ಅಂದರೆ ಪೂರ್ತಿ ಜೂಮ್ ಮಾಡಿದಾಗ ಸೆನ್ಸರ್‌ಗೆ ಬೀಳುವ ಬೆಳಕು ಐದನೇ ಒಂದು ಪಾಲಿಗಿಂತಲೂ ಕಡಿಮೆ. ಇತ್ತ 1200 ಮಿ.ಮೀ. ನೋಟದಲ್ಲಿ ಕೈನಡುಕ ಕಾಣದಿರಲು ಸೆಕೆಂಡಿನ 1200ನೇ ಒಂದು ಭಾಗದ ಶಟರ್ ವೇಗ ಬೇಕೆಂಬುದು ರೂಢಿಯ ಲೆಕ್ಕ. ಕ್ಯಾಮೆರಾದೊಳಗಿನ ಕಂಪನ ನಿವಾರಣಾ ವ್ಯವಸ್ಥೆ ಕೈಯ ನಡುಕವನ್ನು ತಡೆಯುತ್ತದೆ, ಹಾರುವ ಬೆಳ್ಳಕ್ಕಿಯ ಚಲನೆಯನ್ನಲ್ಲ. ಬೆಳಕು ಸಾಲದಾದಾಗ ಕ್ಯಾಮೆರಾ ಐಎಸ್ಒ ಏರಿಸುತ್ತದೆ. ಚಿತ್ರದ ತುಂಬ ಮರಳು ಎರಚಿದಂತೆ ಚುಕ್ಕೆಗಳು ಮೂಡುತ್ತವೆ.

ಇದರ ಮೂಲ ಸೆನ್ಸರ್‌ನ ಗಾತ್ರದಲ್ಲಿದೆ. ಅಗ್ಗದ ಬ್ರಿಜ್ ಕ್ಯಾಮೆರಾಗಳಲ್ಲಿರುವ 1/2.3 ಇಂಚಿನ ಸೆನ್ಸರ್ ಸುಮಾರು 6 ಮಿ.ಮೀ. ಅಗಲ, ನಾಲ್ಕೂವರೆ ಮಿ.ಮೀ. ಎತ್ತರ. ‘1 ಇಂಚು’ ಎಂದು ಕರೆಯುವ ಸೆನ್ಸರ್‌ನ ವಿಸ್ತೀರ್ಣ ಇದರ ನಾಲ್ಕು ಪಟ್ಟು. ಪ್ಯಾನಾಸೋನಿಕ್ ಎಫ್‌ಜೆಡ್1000 (2014) ಈ ದೊಡ್ಡ ಸೆನ್ಸರ್‌ನದು. ಅದು 400 ಮಿ.ಮೀ.ಗೆ ನಿಂತರೂ ಆ ತುದಿಯಲ್ಲಿ ಎಫ್/4 ಬೆಳಕು ಕೊಡುತ್ತದೆ. ಮುಂಜಾನೆಯ ಗದ್ದೆಗೆ ಹೋಗುವವರಿಗೆ ಹಳೆಯ ಎಫ್‌ಜೆಡ್1000 ಸುಸ್ಥಿತಿಯಲ್ಲಿ ದೊರೆತರೆ, ಹೊಸ ಸಣ್ಣ ಸೆನ್ಸರ್‌ನ 2000 ಮಿ.ಮೀ. ಮಾದರಿಗಿಂತ ಅದೇ ಮೇಲು. ಮೆಗಾಪಿಕ್ಸೆಲ್‌ಗೆ ಮರುಳಾಗುವುದೂ ಬೇಡ. 8x12 ಇಂಚಿನ ಉತ್ತಮ ಮುದ್ರಣಕ್ಕೆ 9 ಮೆಗಾಪಿಕ್ಸೆಲ್ ಸಾಕು.

ವ್ಯೂಫೈಂಡರ್ ಇಲ್ಲದ ಮಾದರಿಯನ್ನು ಈ ಭಾಗದವರು ಕೊಳ್ಳದಿರುವುದೇ ಲೇಸು. ನಡುಹಗಲಿನ ಬಿಸಿಲಿನಲ್ಲಿ ಹಿಂಬದಿಯ ಪರದೆ ಕಪ್ಪು ಕನ್ನಡಿಯಂತಾಗುತ್ತದೆ. 2016ರ ನಿಕಾನ್ ಬಿ500 ಸಾಮಾನ್ಯ ಎಎ ಬ್ಯಾಟರಿಯಿಂದ ನಡೆಯುವ ಜನಪ್ರಿಯ ಮಾದರಿಯಾದರೂ ಅದಕ್ಕೆ ವ್ಯೂಫೈಂಡರ್ ಇಲ್ಲ. 2024ರಲ್ಲಿ ಹೊರಬಂದ ಪ್ಯಾನಾಸೋನಿಕ್ ಎಫ್‌ಜೆಡ್82ಡಿ ಮಾದರಿಯಲ್ಲಿ ಒಎಲ್ಇಡಿ ವ್ಯೂಫೈಂಡರ್ ಇದೆ, ಯುಎಸ್‌ಬಿ-ಸಿ ಮೂಲಕ ಚಾರ್ಜ್ ಮಾಡಬಹುದು, ನೋಟ 20 ಮಿ.ಮೀ.ನಿಂದಲೇ ಆರಂಭ.

ಆ ಅಗಲ ನೋಟದ ಬೆಲೆ ತಿಳಿಯುವುದು ರಾಯಚೂರು ಕೋಟೆಯಲ್ಲಿ. ಗೋರೆ ಗನ್ನಯ್ಯ ರೆಡ್ಡಿಯ ಕಾಲದಲ್ಲಿ ಕೋಟೆ ಕಟ್ಟಿದ ಸಂಗತಿಯನ್ನು ಹೇಳುವ 1294ರ ಶಾಸನ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲಿದೆ. ಅಷ್ಟು ಉದ್ದದ ಕಲ್ಲನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಲು 20 ಮತ್ತು 24 ಮಿ.ಮೀ.ಗಳ ನಡುವಿನ ಅಂತರವೂ ದೊಡ್ಡದೇ. ಆ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದ ದೃಶ್ಯವನ್ನು ಗೋಡೆಯ ಮೇಲೆ ಗೆರೆಗಳಲ್ಲಿ ಕೊರೆದಿದ್ದಾರೆ. ಓರೆ ಬಿಸಿಲು ಬಿದ್ದಾಗ ಮಾತ್ರ ಇಂತಹ ಗೆರೆಗಳು ಚಿತ್ರದಲ್ಲಿ ಎದ್ದು ಕಾಣುತ್ತವೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಕಂಪನ ನಿವಾರಣೆಯ ಉಪಯೋಗ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಮಾರುಕಟ್ಟೆಯಲ್ಲಿ ಆಯ್ಕೆ ಕುಗ್ಗಿರುವುದಂತೂ ನಿಜ. 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳನ್ನು ರವಾನಿಸಿದ್ದ ಜಪಾನಿನ ತಯಾರಕರ ಒಕ್ಕೂಟದ ಲೆಕ್ಕ 2020ರಲ್ಲಿ 90 ಲಕ್ಷಕ್ಕಿಂತ ಕೆಳಗಿಳಿಯಿತು. ಹೀಗಾಗಿ ಬಳಸಿದ ಕ್ಯಾಮೆರಾದತ್ತ ಹಲವರ ಗಮನ ಹರಿಯುವುದು ಸಹಜ. ಹಾಗೆ ಕೊಳ್ಳುವವರು ಹಣ ಕೊಡುವ ಮೊದಲು ಜೂಮ್ ಅನ್ನು ಈ ತುದಿಯಿಂದ ಆ ತುದಿಗೆ ನಾಲ್ಕಾರು ಬಾರಿ ಓಡಿಸಬೇಕು. ಕರಕರ ಸದ್ದು ಬಂದರೆ ಅಥವಾ ನಡುವೆ ತಡೆದರೆ ಅಲ್ಲಿಗೇ ಬಿಡಬೇಕು. ಲೆನ್ಸ್‌ಗೆ ಓರೆಯಾಗಿ ಟಾರ್ಚ್ ಹಿಡಿದರೆ ಜೇಡರ ಬಲೆಯಂತಹ ಬೂಷ್ಟು ಕಾಣುತ್ತದೆ. ಬಿಳಿ ಗೋಡೆಯ ಚಿತ್ರ ತೆಗೆದು ಹಿಗ್ಗಿಸಿದರೆ ಒಳಗಿನ ದೂಳು ಕಪ್ಪು ಮಚ್ಚೆಗಳಾಗಿ ತೋರುತ್ತದೆ. ಬ್ಯಾಟರಿ ಉಬ್ಬಿರಬಾರದು, ಆ ಮಾದರಿಯ ಹೊಸ ಬ್ಯಾಟರಿ ಈಗಲೂ ಸಿಗುತ್ತಿರಬೇಕು.

ಹೊಸದಾದರೆ ಬಿಲ್ ಮತ್ತು ಭಾರತದಲ್ಲಿ ಸಲ್ಲುವ ವಾರಂಟಿ ಕಾರ್ಡ್ ಕೇಳಿ ಪಡೆಯಬೇಕು. ದುರಸ್ತಿಗೆ ಹೈದರಾಬಾದಿಗೋ ಬೆಂಗಳೂರಿಗೋ ಕಳುಹಿಸಬೇಕಾಗಿ ಬಂದರೆ ಕೈಯಲ್ಲಿರುವ ಕಾಗದವೇ ಆಧಾರ. ಕೊಂಡ ಮೇಲೆ ಬಿಸಿಲಿನಲ್ಲಿ ನಿಂತ ವಾಹನದೊಳಗೆ ಕ್ಯಾಮೆರಾ ಬಿಡಬಾರದು. ಗದ್ದೆಗೆ ಒಯ್ಯುವಾಗ ಮುಚ್ಚುವ ಚೀಲವಿರಲಿ, ಗಾಳಿಗೆ ದೂಳೇಳುತ್ತಿದ್ದರೆ ಜೂಮ್ ಒಳಕ್ಕೆಳೆದು ಕಾಯುವುದು ಕ್ಷೇಮ.