ಸೋದರಿಕೆಯ ವಿವಾಹವೂ ತಳಿಶಾಸ್ತ್ರಜ್ಞರ ಗಣನೆಯೂ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಒಕ್ಕಲುಮನೆಗಳಲ್ಲಿ ತಾಯಿಯ ಸೋದರನೂ ಮಾವನೇ, ಹೆಂಡತಿಯ ತಂದೆಯೂ ಮಾವನೇ. ತಂದೆಯ ಸೋದರಿಯೂ ಅತ್ತೆಯೇ, ಗಂಡನ ತಾಯಿಯೂ ಅತ್ತೆಯೇ. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೂ ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳೂ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರೊಳಗೆ ಮದುವೆಯ ಮಾತೇ ಇಲ್ಲ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ಅಕ್ಕನ ಮಗಳನ್ನೋ ತರುವುದು ವಾಡಿಕೆ. ಭಾಷೆಯೇ ಹೀಗೆ ಸಾಕ್ಷಿ ನುಡಿಯುವ ಈ ಆಚಾರಕ್ಕೆ ಸೋದರಿಕೆಯೆಂದು ಹೆಸರು. ಇದು ಗಂಗವಾಡಿಯ ಈ ತುಂಡಿಗೆ ಮೀಸಲಾದುದಲ್ಲ. ದಕ್ಷಿಣದೇಶದ ಬಹುಭಾಗಕ್ಕೆ ಸಾಮಾನ್ಯವಾದುದು. ಮೈಸೂರು ಸೀಮೆಯ ಮಟ್ಟಿಗೆ ನಂಜುಂಡಯ್ಯನವರೂ ಅನಂತಕೃಷ್ಣ ಅಯ್ಯರವರೂ ಜಾತಿವಾರಾಗಿ ಆಚಾರಗಳನ್ನು ಬರೆದಿಟ್ಟರು, ಎಂ. ಎನ್. ಶ್ರೀನಿವಾಸರು ೧೯೪೨ರಲ್ಲಿ ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಆದರೆ ಈ ಆಚಾರದಿಂದ ಹುಟ್ಟುವ ಮಕ್ಕಳಿಗೆ ಹಾನಿಯುಂಟೋ ಇಲ್ಲವೋ, ಉಂಟಾದರೆ ಎಷ್ಟು, ಎಂಬ ಪ್ರಶ್ನೆಯು ಅವರ ಕ್ಷೇತ್ರಕ್ಕೆ ಹೊರಗಿನದು. ಅದನ್ನು ಎತ್ತಿಕೊಂಡವರು ತಳಿಶಾಸ್ತ್ರಜ್ಞರು.

ಈ ವಿವಾದ ಹೊಸದಲ್ಲ. ಬೌಧಾಯನನು ತನ್ನ ಧರ್ಮಸೂತ್ರದ ಆರಂಭದಲ್ಲಿಯೇ ದಕ್ಷಿಣದವರಿಗೂ ಉತ್ತರದವರಿಗೂ ಐದೈದು ವಿಷಯಗಳಲ್ಲಿ ಭೇದವನ್ನು ಹೇಳಿ, ಸೋದರಮಾವನ ಮತ್ತು ಸೋದರತ್ತೆಯ ಮಗಳನ್ನು ವರಿಸುವುದನ್ನು ದಕ್ಷಿಣದ ಐದರಲ್ಲಿ ಎಣಿಸಿರುವನು. ಉತ್ತರದ ಐದರಲ್ಲಿ ಉಣ್ಣೆಯ ಮಾರಾಟವೂ ಸಮುದ್ರಯಾನವೂ ಸೇರಿರುವುದನ್ನು ನೋಡಿದರೆ, ದೂಷಣೆಯು ಒಂದೇ ಕಡೆಗೆ ಇರಲಿಲ್ಲವೆಂಬುದು ಸ್ಪಷ್ಟ. ಮನುವಾದರೋ ಇಂತಹ ಸಂಬಂಧಕ್ಕೆ ಚಾಂದ್ರಾಯಣವನ್ನು ವಿಧಿಸಿರುವನು. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಮಾಧವಾಚಾರ್ಯರು ಪರಾಶರಸ್ಮೃತಿಯ ವ್ಯಾಖ್ಯಾನದಲ್ಲಿ ಮಾತುಲಕನ್ಯಾವಿವಾಹವನ್ನು ಸಮರ್ಥಿಸಿದರು. ಅಕ್ಕನ ಮಗಳನ್ನು ವರಿಸುವುದು ಮಾತ್ರ ಬೌಧಾಯನನ ಪಟ್ಟಿಯಲ್ಲಿಯೂ ಇಲ್ಲ; ಅದು ಕೇವಲ ರೂಢಿಯ ಬಲದಿಂದ ನಿಂತುದು. ೧೯೫೫ರ ಹಿಂದೂ ವಿವಾಹ ಶಾಸನವೂ ಅದನ್ನು ನಿಷಿದ್ಧ ಸಂಬಂಧಗಳಲ್ಲಿ ಸೇರಿಸಿ, ರೂಢಿಯು ಒಪ್ಪುವಲ್ಲಿ ಬಿಟ್ಟುಕೊಟ್ಟಿತು.

ಇಲ್ಲಿ ಒಂದು ಅಂಶ ವಿಚಾರಾರ್ಹವಾದುದು. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ‘ಸಪಿಂಡ’ಶಬ್ದಕ್ಕೆ ಶ್ರಾದ್ಧದ ಪಿಂಡದ ಅರ್ಥವನ್ನು ಕೈಬಿಟ್ಟು, ಒಂದೇ ಶರೀರದ ಅವಯವಗಳು ಇಬ್ಬರಲ್ಲಿಯೂ ಅನುವರ್ತಿಸುವುದೆಂಬ ಅರ್ಥವನ್ನು ಹೇಳಿದನು. ವಂಗದೇಶದ ಜೀಮೂತವಾಹನನು ಪಿಂಡದಾನದ ಅರ್ಥವನ್ನೇ ಹಿಡಿದನು. ಆಧುನಿಕ ತಳಿಶಾಸ್ತ್ರದ ಗಣನೆಯು ವಿಜ್ಞಾನೇಶ್ವರನ ಅರ್ಥದ ದಾರಿಯಲ್ಲಿಯೇ ನಡೆಯುವುದು. ಇವನಿಗೆ ಅದು ಮೊದಲೇ ತಿಳಿದಿತ್ತೆಂದು ಹೇಳುವ ಅತ್ಯುತ್ಸಾಹ ಮಾತ್ರ ಬೇಡ. ಅವನಲ್ಲಿ ಅರ್ಥವಿದ್ದಿತು, ಅಳತೆಯಿರಲಿಲ್ಲ.

ಅಳತೆ ಹೀಗೆ. ತಂದೆಯಿಂದ ಒಂದು, ತಾಯಿಯಿಂದ ಒಂದು—ಹೀಗೆ ಪ್ರತಿಯೊಂದು ವಂಶಾಣುವಿಗೂ ಎರಡು ಪ್ರತಿಗಳು ಮಗುವಿನಲ್ಲಿರುವುವು. ದಂಪತಿಗಳು ಬಂಧುಗಳಾಗಿದ್ದರೆ ಆ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವವುಂಟು. ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ವರಿಸಿದಲ್ಲಿ ಆ ಸಂಭವವು ೧೬ರಲ್ಲಿ ೧. ಅಕ್ಕನ ಮಗಳನ್ನು ವರಿಸಿದಲ್ಲಿ ೮ರಲ್ಲಿ ೧. ಪೂರ್ವಜನಲ್ಲಿ ಅಡಗಿದ್ದ ದುಷ್ಟವಂಶಾಣುವು ಎರಡು ಪ್ರತಿಯಾಗಿ ಕೂಡಿದಾಗ ರೋಗವಾಗಿ ಹೊರಬೀಳುವುದು. ಚಿಕ್ಕಪ್ಪನ ಮಗಳಿಗೂ ಸೋದರಮಾವನ ಮಗಳಿಗೂ ರೂಢಿಯು ಆಕಾಶಪಾತಾಳಗಳ ಅಂತರವನ್ನು ಕಲ್ಪಿಸಿದ್ದರೂ ಈ ಗಣನೆಯಲ್ಲಿ ಇಬ್ಬರದೂ ಒಂದೇ ಅಂಕ.

ಭಾರತದಲ್ಲಿ ಈ ಅಧ್ಯಯನಕ್ಕೆ ಚಾಲನೆಯುಂಟಾದುದು ಜೆ. ಬಿ. ಎಸ್. ಹಾಲ್ಡೇನರು ೧೯೫೭ರಲ್ಲಿ ಕಲ್ಕತ್ತೆಗೆ ಬಂದು ನೆಲೆಸಿದ ಮೇಲೆ. ಅವರ ಶಿಷ್ಯರಾದ ಕೃಷ್ಣ ದ್ರೋಣಂರಾಜು ಆಂಧ್ರದಲ್ಲಿ ಬಂಧುವಿವಾಹಗಳನ್ನು ಪರಿಶೀಲಿಸಿದರು. ಮುಂಬಯಿಯ ಎಲ್. ಡಿ. ಸಾಂಘ್ವಿಯವರು ೧೯೬೬ರಲ್ಲಿ ಒಂದು ವಾದವನ್ನು ಮುಂದಿಟ್ಟರು: ನೂರಾರು ತಲೆಮಾರುಗಳಿಂದ ಸೋದರಿಕೆ ನಡೆದುಬಂದಿರುವ ದಕ್ಷಿಣದಲ್ಲಿ ದುಷ್ಟವಂಶಾಣುಗಳು ಆಯಾ ಕಾಲದಲ್ಲಿಯೇ ಹೊರಬಿದ್ದು ನಾಶವಾಗಿ, ಈಗಿನ ಸಂತಾನಕ್ಕೆ ಹಾನಿ ಕಡಮೆಯಾಗಿರಬೇಕು. ವಾದ ಸೊಗಸಾದುದು, ದಕ್ಷಿಣದವರಿಗೆ ಪ್ರಿಯವಾದುದು. ಪರೀಕ್ಷೆಯಾಗಬೇಕಾಗಿದ್ದಿತು.

ಪರೀಕ್ಷೆಯಾದುದು ಮೈಸೂರು ಸೀಮೆಯಲ್ಲಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಎನ್. ಅಪ್ಪಾಜಿರಾಯರು, ಎ. ರಾಧಾರಮಾದೇವಿ ಮೊದಲಾದವರೊಡನೆ ಸುಮಾರು ಒಂದು ಲಕ್ಷ ನವಜಾತಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಿದರು. ಇವರೊಡನೆ ಕೂಡಿಕೊಂಡವರು ಜನಸಮುದಾಯ ತಳಿಶಾಸ್ತ್ರಜ್ಞರಾದ ಆಲನ್ ಬಿಟಲ್ಸ್. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿದ್ದು ಅನಂತರ ಆಸ್ಟ್ರೇಲಿಯದ ಪರ್ತ್ ನಗರಕ್ಕೆ ತೆರಳಿದ ಇವರ ಸಂಶೋಧನಜೀವನದ ಬಹುಭಾಗವು ಈ ಒಂದು ಪ್ರಶ್ನೆಗೇ ಮೀಸಲಾಯಿತು. ೧೯೮೦ರಿಂದ ೧೯೮೯ರವರೆಗೆ ಬೆಂಗಳೂರು ಮತ್ತು ಮೈಸೂರು ನಗರಗಳ ೧,೦೭,೫೧೮ ದಂಪತಿಗಳನ್ನು ಕುರಿತು ಸಂಗ್ರಹಿಸಿದ ಮಾಹಿತಿಯು ೧೯೯೩ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡ ೩೧.೪ ಮಂದಿ ಬಂಧುಗಳನ್ನೇ ವರಿಸಿದ್ದರು; ಸರಾಸರಿ ಗುಣಾಂಕ ೦.೦೨೯೯. ಎಂದರೆ, ಬಂಧುಗಳಲ್ಲದವರನ್ನೂ ಸೇರಿಸಿ ಎಲ್ಲ ಮಕ್ಕಳ ಲೆಕ್ಕವನ್ನು ಹಂಚಿದರೂ, ಸೋದರಮಾವನ ಮಗಳನ್ನು ವರಿಸಿದವನ ಮಗುವಿನ ಅಂಕದ ಅರ್ಧದಷ್ಟು ಸರಾಸರಿ ನಿಲ್ಲುವುದು.

ಮಂಡ್ಯ ಮದ್ದೂರುಗಳು ಈ ಎರಡು ನಗರಗಳ ನಡುವಣ ರೈಲುದಾರಿಯ ಮೇಲೆಯೇ ಇರುವುವು. ಆದರೂ ನಗರವಾಸಿಗಳ ಲೆಕ್ಕವನ್ನು ಮಳವಳ್ಳಿಯ ಹಳ್ಳಿಗೆ ಹಾಗೆಯೇ ಎತ್ತಿ ಅನ್ವಯಿಸುವುದು ನ್ಯಾಯವಲ್ಲ. ಕಾಲುವೆಯ ಗದ್ದೆಯನ್ನು ನಂಬಿದ ಮನೆತನ ಹೆಣ್ಣು ಕೊಡುವಾಗ ನೋಡುವುದು ಒಂದು, ನಗರದ ಸಂಬಳಗಾರ ನೋಡುವುದು ಇನ್ನೊಂದು.

ಸಾಂಘ್ವಿಯವರ ವಾದ ಪೂರ್ಣವಾಗಿ ನಿಲ್ಲಲಿಲ್ಲ: ರೋಗಗಳು ತೊಲಗಿರಲಿಲ್ಲ. ಆದರೆ ಸೋದರಿಕೆಯನ್ನು ಮಹಾಪಾತಕವೆಂಬಂತೆ ಹೇಳುತ್ತಿದ್ದವರ ವಾದವೂ ನಿಲ್ಲಲಿಲ್ಲ. ಬಿಟಲ್ಸರು ಜೇಮ್ಸ್ ನೀಲರೊಡನೆ ೧೯೯೪ರಲ್ಲಿ ೩೮ ಜನಸಮುದಾಯಗಳ ಮಾಹಿತಿಯನ್ನು ಕಲೆಹಾಕಿ, ಸೋದರಿಕೆಯ ಮಕ್ಕಳಲ್ಲಿ ಹೆಚ್ಚುವರಿ ಮರಣ ಶೇಕಡ ೪.೪ ಎಂದರು, ೨೦೧೦ರಲ್ಲಿ ೬೯ ಸಮುದಾಯಗಳನ್ನು ಎಣಿಸಿದಾಗ ಅದು ಶೇಕಡ ೩.೫ಕ್ಕೆ ಇಳಿಯಿತು. ಈ ಅಂಕಗಳು ಸೋದರಸಂಬಂಧಿಗಳ ಮಕ್ಕಳನ್ನು ಕುರಿತುವು; ಅಕ್ಕನ ಮಗಳ ಸಂಬಂಧಕ್ಕೆ ಇವನ್ನೇ ಹಿಡಿದು ಧೈರ್ಯ ಹೇಳಬಾರದು. ಸಾವಿರ ಮಕ್ಕಳಲ್ಲಿ ಮೂವತ್ತೈದು ಎಂಬುದು ಶಾಸ್ತ್ರಜ್ಞನಿಗೆ ಅಲ್ಪವಾಗಿ ತೋರಬಹುದು. ಆ ಮೂವತ್ತೈದರಲ್ಲಿ ಒಂದನ್ನು ಹೆತ್ತ ತಾಯಿಗೆ ಅದು ಅಲ್ಪವಲ್ಲ.

ಮತ್ತೊಂದು ಸಂಗತಿ ಅನಂತರ ಬೆಳಕಿಗೆ ಬಂದಿತು. ಹೈದರಾಬಾದಿನ ತಂಗರಾಜ್ ಮೊದಲಾದವರೂ ವಿದೇಶೀಯರೂ ೨೦೧೭ರಲ್ಲಿ ದಕ್ಷಿಣ ಏಷ್ಯದ ೨೬೩ ಸಮುದಾಯಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ೮೧ ಸಮುದಾಯಗಳು ಕೆಲವೇ ಪೂರ್ವಜರಿಂದ ಬೆಳೆದು, ಅನ್ಯರೊಡನೆ ಬೆರೆಯದೆ ಉಳಿದುವೆಂದು ಕಂಡುಬಂದಿತು. ಅಂತಹ ಜಾತಿಯಲ್ಲಿ ಗೋತ್ರ ಬೇರೆ, ಊರು ಬೇರೆ ಎಂದು ನೋಡಿ ತಂದ ಹೆಣ್ಣೂ ವಂಶಾಣುವಿನ ಲೆಕ್ಕದಲ್ಲಿ ದೂರದವಳಲ್ಲ. ಸೋದರಿಕೆಯನ್ನು ಬಿಟ್ಟ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ.

ಇದೇ ಸಾಮೀಪ್ಯವು ನ್ಯಾಯಸ್ಥಾನದಲ್ಲಿ ಬೇರೊಂದು ಬಗೆಯಾಗಿ ಮುಖ್ಯವಾಗುವುದು. ೧೯೮೪ರಲ್ಲಿ ಲೆಸ್ಟರಿನ ಅಲೆಕ್ ಜೆಫ್ರೀಸ್ ಡಿಎನ್ಎಯಿಂದ ವ್ಯಕ್ತಿಯನ್ನು ಗುರುತಿಸುವ ಕ್ರಮವನ್ನು ಕಂಡುಹಿಡಿದರು. ೧೯೮೯ರಲ್ಲಿ ಕೇರಳದ ಒಂದು ಪಿತೃತ್ವ ವ್ಯಾಜ್ಯದಲ್ಲಿ ಅದು ಭಾರತದ ನ್ಯಾಯಸ್ಥಾನವನ್ನು ಹೊಕ್ಕಿತು. ರಕ್ತದ ಕಲೆಯ ಲಕ್ಷಣಗಳು ಆರೋಪಿಯ ಲಕ್ಷಣಗಳೊಡನೆ ಹೊಂದಿದರೆ ಸಾಲದು. ಅನ್ಯನೊಬ್ಬನಲ್ಲಿಯೂ ಅವು ಕಾಕತಾಳೀಯವಾಗಿ ಹೊಂದುವ ಸಂಭವ ಎಷ್ಟೆಂದು ಹೇಳಬೇಕು. ಅದಕ್ಕೆ ಆಯಾ ಜನರ ಕೋಷ್ಟಕ ಬೇಕು. ಕೊಲ್ಕತ್ತದ ಕೇಂದ್ರ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿದ್ದ ವಿ. ಕೆ. ಕಶ್ಯಪರು ಅನೇಕ ಪ್ರಾಂತಗಳ ಜನರಿಗೆ ಇಂತಹ ಕೋಷ್ಟಕಗಳನ್ನು ಸಿದ್ಧಪಡಿಸಿದರು. ೨೦೦೪ರಲ್ಲಿ ರಾಜಕುಮಾರರೊಡನೆ ಕರ್ಣಾಟಕದ ನಾಲ್ಕು ಸಮುದಾಯಗಳನ್ನು ೧೫ ಸ್ಥಾನಗಳಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಅಯ್ಯಂಗಾರರು, ಲಿಂಗಾಯತರು, ಗೌಡರು ಅವುಗಳಲ್ಲಿ ಸೇರಿದವರು. ಮಂಡ್ಯದ ಸೀಮೆಗೆ ಇದು ಪರರ ವಿಷಯವಲ್ಲ.

ಕೋಷ್ಟಕವು ಸಮುದಾಯದ್ದಾದರೂ ಗ್ರಾಮದ್ದಲ್ಲ. ಒಂದೇ ಊರಿನಲ್ಲಿ ಮೂರು ತಲೆಮಾರು ಸೋದರಿಕೆ ನಡೆದಲ್ಲಿ, ಆರೋಪಿಯ ನೆರೆಯವನೇ ಅವನ ಮಾವನೂ ಭಾವನೂ ಆಗಿರುವನು. ಇಬ್ಬರ ಲಕ್ಷಣಗಳು ಹೊಂದುವ ಸಂಭವ ಅಪರಿಚಿತರಲ್ಲಿರುವುದಕ್ಕಿಂತ ಅಧಿಕ. ಸಂದೇಹವು ಬಂಧುಗಳ ನಡುವೆಯೇ ಇರುವ ವ್ಯಾಜ್ಯದಲ್ಲಿ, ಕೋಟಿಗೊಬ್ಬನೆಂಬ ಅಂಕವನ್ನು ಕೇಳಿದ ನ್ಯಾಯಾಧೀಶರು ಆ ಮನೆಯ ವಂಶವೃಕ್ಷವನ್ನೂ ತರಿಸಿ ನೋಡುವುದು ಯುಕ್ತ.